ತೂಕ ಇಳಿದ ಮೇಲೆ ಬತ್ತಿದ ಗಲ್ಲ: ಎಲ್ಲಿ ತುಂಬಬೇಕು, ಎಲ್ಲಿ ಎತ್ತಬೇಕು, ಯಾವಾಗ ಮಾಡಿಸಬೇಕು

ಪ್ರಶ್ನೆ: ಡಾಕ್ಟರ್, ನಮಸ್ಕಾರ. ನನಗೆ 47 ವರ್ಷ. ಜಮಖಂಡಿ ಹತ್ತಿರದ ಹಳ್ಳಿಯಲ್ಲಿ ಪ್ರೈಮರಿ ಶಾಲೆ ಟೀಚರ್. ಎರಡು ವರ್ಷದ ಹಿಂದೆ 96 ಕೆಜಿ ಇದ್ದೆ. ಶುಗರ್ ಇತ್ತು, ಮೊಣಕಾಲು ನೋವಿತ್ತು. ಊಟ ಕಡಿಮೆ ಮಾಡಿದೆ, ದಿನಾ ವಾಕಿಂಗ್ ಹೋದೆ. ಆಮೇಲೆ ಶುಗರ್ ಡಾಕ್ಟರ್ ವಾರಕ್ಕೊಂದು ಇಂಜೆಕ್ಷನ್ ಶುರು ಮಾಡಿದರು. ಈಗ 62 ಕೆಜಿ. ಎರಡು ತಿಂಗಳಿಂದ ತೂಕ ಅಲ್ಲೇ ನಿಂತಿದೆ. ಮೈ ಹಗುರಾಗಿದೆ, ಆದರೆ ಮುಖ ಹೋಯಿತು. ಗಲ್ಲ (ಕೆನ್ನೆ) ಒಳಗೆ ಹೋಗಿವೆ, ಕಣ್ಣ ಕೆಳಗೆ ಗುಳಿ ಬಿದ್ದಿದೆ, ಬಾಯಿ ಪಕ್ಕ ಚರ್ಮ ಜೋತಿದೆ, ಕುತ್ತಿಗೆಯಲ್ಲಿ ಎರಡು ಹಗ್ಗದಂಥ ಗೆರೆ ಕಾಣುತ್ತವೆ. ಎಲ್ಲಿ ಹೋದರೂ ‘ಯಾಕ್ರೀ ಅಕ್ಕೋರ, ಆರಾಮ ಇಲ್ಲೇನ್ರೀ?’ ಅಂತ ಕೇಳುತ್ತಾರೆ. ನಮ್ಮ ಅತ್ತೆ ‘ಚಲೋತ್ನಾಗಿ ಉಣ್ಣು, ಮೈಗೆ ಹತ್ತಲಿ’ ಅನ್ನುತ್ತಾರೆ. ಬ್ಯೂಟಿ ಪಾರ್ಲರ್‌ನವರು ಫಿಲ್ಲರ್ (ಸೂಜಿಯಿಂದ ತುಂಬುವ ಜೆಲ್) ಹಾಕಿದರೆ ಒಂದು ತಾಸಿನಲ್ಲಿ ಮುಖ ತುಂಬುತ್ತದೆ ಅಂದರು. ಒಬ್ಬ ಡಾಕ್ಟರ್ ಹೊಟ್ಟೆಯ ಕೊಬ್ಬು ತೆಗೆದು ಮುಖಕ್ಕೆ ಹಾಕಬಹುದು ಅಂದರು, ಇನ್ನೊಬ್ಬರು ಜೋತ ಮುಖವನ್ನು ಎತ್ತಿ ಹೊಲಿಯುವ ಫೇಸ್‌ಲಿಫ್ಟ್ ಆಪರೇಷನ್ ಅಂದರು. ಶ್ರಾವಣದಲ್ಲಿ ಮಗಳ ನಿಶ್ಚಯ ಇದೆ, ಇನ್ನು ಮೂರು ತಿಂಗಳು. ಯಾವುದು ಮಾಡಿಸಲಿ? ಅಪಾಯ ಇದೆಯಾ? ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ?

ಉತ್ತರ: ಅಕ್ಕೋರೆ, ನಮಸ್ಕಾರ. 34 ಕೆಜಿ ಇಳಿಸುವುದು ಸಣ್ಣ ಕೆಲಸ ಅಲ್ಲ. ಅಷ್ಟು ಕಷ್ಟಪಟ್ಟ ಮೇಲೂ ದಿನಾ ಹತ್ತು ಜನ ‘ಆರಾಮ ಇಲ್ಲೇನ್ರೀ’ ಅಂತ ಕೇಳಿದರೆ ಮನಸ್ಸಿಗೆ ಹತ್ತುತ್ತದೆ. ಬೆಳಗಾವಿಯಲ್ಲಿ ನನ್ನ ಹತ್ತಿರ ಬರುವವರಲ್ಲಿ ಇದೇ ಮಾತು ಹೇಳಿ ಕಣ್ಣಲ್ಲಿ ನೀರು ತಂದುಕೊಂಡವರು ಎಷ್ಟೋ ಜನ. ಒಳಗೆ ಆರೋಗ್ಯ ಚೆನ್ನಾಗಿದೆ, ಕನ್ನಡಿಯಲ್ಲಿ ಮಾತ್ರ ಕಾಯಿಲೆಯವರ ಮುಖ. ಈ ವಯಸ್ಸಿನಲ್ಲಿ ಬೇಕಾ ಅಂತ ಕೇಳಿದ್ದೀರಿ. ನಿಮಗೆ ಬೇಕು ಅನ್ನಿಸಿದರೆ ಬೇಕು. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ನೇರವಾಗಿ ಹೇಳುತ್ತೇನೆ. ಶ್ರಾವಣಕ್ಕೆ ಮುಂಚೆ ಆಪರೇಷನ್ ಬೇಡ. ನಿಮ್ಮ ತೂಕ ನಿಂತು ಎರಡೇ ತಿಂಗಳಾಗಿದೆ. ಕನಿಷ್ಠ ಆರು ತಿಂಗಳು ನಿಲ್ಲಲಿ. ಆಮೇಲೆ, ನೀವು ಬರೆದದ್ದನ್ನು ನೋಡಿದರೆ, ಬತ್ತಿದ ಕಡೆ ನಿಮ್ಮದೇ ಕೊಬ್ಬು, ಜೋತ ಕಡೆ ಲಿಫ್ಟ್, ಹೀಗೆ ಎರಡೂ ಬೇಕಾಗಬಹುದು. ಮುಖ ನೋಡದೆ ಇದಕ್ಕಿಂತ ಖಚಿತವಾಗಿ ಹೇಳಲಾರೆ. ನಿಮಗೆ ಸಲಹೆ ಕೊಟ್ಟ ಮೂವರೂ ಬೇರೆ ಬೇರೆ ಔಷಧ ಹೇಳಿದ್ದಾರೆ. ನಿಮಗಿರುವ ತೊಂದರೆ ಯಾವುದು ಅನ್ನುವುದು ಮೊದಲು ಗೊತ್ತಾಗಬೇಕು.

ಮುಖದ ಕೊಬ್ಬು ಚರ್ಮದ ಕೆಳಗೆ ಒಂದೇ ಹಾಸಿನ ಹಾಗೆ ಹರಡಿಲ್ಲ. ಸಣ್ಣ ಸಣ್ಣ ಚೀಲಗಳಲ್ಲಿದೆ. ಕಪಾಳದ ಮೇಲೆ, ಕಣ್ಣಿನ ಹತ್ತಿರದ ಕಣತಲೆಯಲ್ಲಿ ಒಂದು, ಕಣ್ಣ ಕೆಳಗೆ ಒಂದು, ಗಲ್ಲದಲ್ಲಿ ಮೇಲಿನ ಪದರಕ್ಕೆ ಒಂದು, ಮೂಳೆಗೆ ಅಂಟಿದ ಹಾಗೆ ಆಳದಲ್ಲಿ ಇನ್ನೊಂದು. (ನಮ್ಮ ಕಡೆ ಗಲ್ಲ ಅಂದರೆ ಕೆನ್ನೆ. ಮೈಸೂರು ಕಡೆ ಓದುವವರು ಗದ್ದ ಅಂದುಕೊಳ್ಳಬೇಡಿ.) 2007ರಲ್ಲಿ ಅಮೆರಿಕದ ರೋರಿಚ್ ಮತ್ತು ಪೆಸ್ಸಾ ಅನ್ನುವ ಸರ್ಜನ್‌ಗಳು ಶವಗಳ ಮುಖಕ್ಕೆ ನೀಲಿ ಬಣ್ಣ ಚುಚ್ಚಿ ನೋಡಿದರು. ಬಣ್ಣ ಮುಖದ ತುಂಬ ಹರಡಲಿಲ್ಲ. ಒಂದೊಂದು ಚೀಲದ ಗಡಿಗೆ ಬಂದು ನಿಂತಿತು. ಅಲ್ಲಿಂದ ಮುಂದೆ ನಾವು ‘ಮುಖ ತುಂಬುವುದು’ ಅನ್ನುವುದನ್ನು ಬಿಟ್ಟು ‘ಯಾವ ಚೀಲ ಖಾಲಿಯಾಗಿದೆ’ ಅಂತ ನೋಡುವುದನ್ನು ಕಲಿತೆವು.

ತೂಕ ಇಳಿದಾಗ ಈ ಚೀಲಗಳು ಕುಗ್ಗುತ್ತವೆ. ಚರ್ಮ ಅಷ್ಟೇ ಬೇಗ ಕುಗ್ಗುವುದಿಲ್ಲ. ದಿಂಬಿನಿಂದ ಅರ್ಧ ಹತ್ತಿ ತೆಗೆದರೆ ಕವರ್ ಜೋಲುತ್ತದೆ, ಅಲ್ವಾ? ಹಾಗೆ. ಇಪ್ಪತ್ತರ ಹರೆಯದಲ್ಲಿ ಚರ್ಮಕ್ಕೆ ರಬ್ಬರಿನ ಗುಣ ಇರುತ್ತದೆ, ಸ್ವಲ್ಪ ವಾಪಸ್ ಬರುತ್ತದೆ. ನಲವತ್ತು ದಾಟಿದ ಮೇಲೆ, ಅದೂ ಬಹಳ ವರ್ಷ ಹಿಗ್ಗಿದ್ದ ಚರ್ಮ, ಅಷ್ಟು ವಾಪಸ್ ಬರುವುದಿಲ್ಲ. ಇನ್ನೊಂದು ವಿಷಯ. ಮುಖದ ಚರ್ಮವನ್ನು ಮೂಳೆಗೆ ಅಲ್ಲಲ್ಲಿ ಗಟ್ಟಿ ಎಳೆಗಳು ಹಿಡಿದಿಟ್ಟಿರುತ್ತವೆ. ಕೌದಿಗೆ ಅಲ್ಲಲ್ಲಿ ಹೊಲಿಗೆ ಹಾಕಿದ ಹಾಗೆ. ಹೊಲಿಗೆ ಇದ್ದ ಜಾಗ ಅಲ್ಲೇ ನಿಲ್ಲುತ್ತದೆ, ನಡುವಿನದು ಇಳಿಬೀಳುತ್ತದೆ. ಬಾಯಿ ಪಕ್ಕ ಜೋತ ಚರ್ಮ, ಮೂಗಿನಿಂದ ಬಾಯಿಗೆ ಬರುವ ಆಳದ ಗೆರೆ ಎಲ್ಲ ಹೀಗೇ ಆಗುವುದು. ಅಂದರೆ ನಿಮ್ಮ ಮುಖದಲ್ಲಿ ಎರಡು ತೊಂದರೆ ಸೇರಿವೆ: ಒಂದು ಖಾಲಿ, ಒಂದು ಸಡಿಲ. ತುಂಬುವ ಚಿಕಿತ್ಸೆ ಖಾಲಿಗೆ, ಎತ್ತುವ ಚಿಕಿತ್ಸೆ ಸಡಿಲಿಗೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಮೊದಲು ಹಗಲು ಹೊತ್ತು ಕಿಟಕಿ ಎದುರು ಕುಳಿತು ಕೈಗನ್ನಡಿ ಹಿಡಿದು ಮುಖ ನೋಡಿ. ಆಮೇಲೆ ದಿಂಬಿಲ್ಲದೆ ಅಂಗಾತ ಮಲಗಿ, ಅದೇ ಕನ್ನಡಿಯನ್ನು ಮುಖದ ಮೇಲೆ ಹಿಡಿಯಿರಿ. ಮಲಗಿದಾಗ ಸಡಿಲ ಚರ್ಮ ಕಿವಿ ಕಡೆ ಜಾರುತ್ತದೆ. ಬಾಯಿ ಪಕ್ಕದ ಜೋತು ಮಾಯವಾಗಿ ಗದ್ದದ ಅಂಚು ಸ್ಪಷ್ಟವಾಯಿತು ಅಂದರೆ ಅದು ಸಡಿಲಿನ ಭಾಗ. ಮಲಗಿದರೂ ಕಣ್ಣ ಕೆಳಗಿನ ಗುಳಿ, ಕಣತಲೆಯ ತಗ್ಗು, ಗಲ್ಲದ ಹಳ್ಳ ಹಾಗೇ ಇದ್ದರೆ ಅದು ಖಾಲಿ ಭಾಗ. ಇದು ಐದು ನಿಮಿಷದ ಕೆಲಸ. ಇದನ್ನು ಮಾಡಿಕೊಂಡು ಬಂದವರ ಜೊತೆ ಮಾತು ಬಹಳ ಸುಲಭ. ಎಷ್ಟೋ ಜನ ‘ಫೇಸ್‌ಲಿಫ್ಟ್ ಮಾಡಿ’ ಅಂತ ಬರುತ್ತಾರೆ, ಮಲಗಿಸಿ ಕನ್ನಡಿ ಕೊಟ್ಟರೆ ಅವರಿಗೆ ಬೇಕಾದದ್ದು ಗಲ್ಲಕ್ಕೆ ಸ್ವಲ್ಪ ತುಂಬು ಮಾತ್ರ ಅಂತ ಅವರಿಗೇ ಕಾಣುತ್ತದೆ.

ಬಾಯಿ ತೆರೆದೂ ನೋಡಿಕೊಳ್ಳಿ. ದವಡೆ ಹಲ್ಲು ಬಿದ್ದಿವೆಯಾ? ಹಿಂದಿನ ಹಲ್ಲು ಹೋದರೆ ಗಲ್ಲಕ್ಕೆ ಒಳಗಿನ ಆಸರೆ ಹೋಗುತ್ತದೆ, ಅಲ್ಲಿನ ಮೂಳೆಯೂ ವರ್ಷ ವರ್ಷ ಸವೆಯುತ್ತದೆ. ಅಂಥವರು ಮೊದಲು ದಂತ ವೈದ್ಯರ ಹತ್ತಿರ ಹೋಗಬೇಕು. ಹಲ್ಲು ಕಟ್ಟಿಸಿದ ಮೇಲೆ ನನ್ನ ಹತ್ತಿರ ಬರುವ ಅಗತ್ಯವೇ ಇಲ್ಲದವರನ್ನು ನೋಡಿದ್ದೇನೆ.

ಇದನ್ನು ಓದುತ್ತಿರುವ ಬೇರೆಯವರಿಗೂ ಒಂದು ಮಾತು. ಅಕ್ಕೋರು ತೂಕ ಇಳಿಸಿದ್ದು ಪ್ರಯತ್ನಪಟ್ಟು. ನೀವು ಏನೂ ಮಾಡದೆ ತೂಕ ತಾನಾಗಿ ಇಳಿದು ಗಲ್ಲ ಬತ್ತಿದ್ದರೆ ಮುಖದ ಡಾಕ್ಟರ್ ಹುಡುಕಬೇಡಿ. ಶುಗರ್, ಥೈರಾಯ್ಡ್, ಕ್ಷಯ, ಕ್ಯಾನ್ಸರ್, ಇವುಗಳಲ್ಲಿ ಯಾವುದಾದರೂ ಇರಬಹುದು. ಮೊದಲು ಫಿಸಿಷಿಯನ್ ಹತ್ತಿರ ಹೋಗಿ.

ಇನ್ನು ತೂಕ ಇಳಿಸುವ ವಾರದ ಇಂಜೆಕ್ಷನ್ ವಿಷಯ. ಮೌಂಜಾರೊ 2025ರ ಮಾರ್ಚ್‌ನಲ್ಲಿ, ವೆಗೋವಿ ಅದೇ ವರ್ಷ ಜೂನ್‌ನಲ್ಲಿ ಭಾರತಕ್ಕೆ ಬಂದವು. ಅವು ಬಂದ ಮೇಲೆ ಈ ಪ್ರಶ್ನೆ ಜಾಸ್ತಿಯಾಗಿದೆ. ‘ಓಝೆಂಪಿಕ್ ಫೇಸ್’ ಅಂತ ಹೆಸರೂ ಇಟ್ಟಿದ್ದಾರೆ. ಔಷಧವೇ ಮುಖವನ್ನು ತಿನ್ನುತ್ತದೆ ಅಂತ ಹೆದರಬೇಡಿ. ತೂಕ ಜೋರಾಗಿ, ಬಹಳ ಇಳಿದರೆ ಯಾವ ದಾರಿಯಿಂದ ಇಳಿದರೂ ಮುಖ ಹೀಗಾಗುತ್ತದೆ. ತೂಕ ಇಳಿಸಲು ಹೊಟ್ಟೆಗೆ ಮಾಡುವ ಬೇರಿಯಾಟ್ರಿಕ್ ಆಪರೇಷನ್ ಮಾಡಿಸಿಕೊಂಡವರಲ್ಲಿ ನಾವು ಇದನ್ನು ಮೊದಲಿನಿಂದ ನೋಡುತ್ತಿದ್ದೇವೆ. ಆದರೆ ಇಂಜೆಕ್ಷನ್ ನಿಲ್ಲಿಸಿದರೆ ತೂಕ ವಾಪಸ್ ಬರುವುದು ಬಹಳ ಸಾಮಾನ್ಯ. ಸೆಮಾಗ್ಲುಟೈಡ್ (ವೆಗೋವಿ, ಓಝೆಂಪಿಕ್ ಎರಡರಲ್ಲೂ ಇರುವ ಔಷಧ) ಮೇಲೆ ನಡೆದ ಒಂದು ದೊಡ್ಡ ಅಧ್ಯಯನದಲ್ಲಿ ಔಷಧ ನಿಲ್ಲಿಸಿ ಒಂದು ವರ್ಷಕ್ಕೆ, ಇಳಿದ ತೂಕದ ಮೂರನೇ ಎರಡು ಭಾಗ ಮತ್ತೆ ಬಂದಿತ್ತು. ಅದಕ್ಕೇ ಇಂಜೆಕ್ಷನ್ ಮುಂದುವರಿಸುತ್ತೀರಾ, ಎಷ್ಟು ಡೋಸ್‌ನಲ್ಲಿ, ಇದನ್ನು ಮೊದಲು ನಿಮ್ಮ ಶುಗರ್ ಡಾಕ್ಟರ್ ಜೊತೆ ತೀರ್ಮಾನ ಮಾಡಿಕೊಳ್ಳಿ. ಮುಖಕ್ಕೋಸ್ಕರ ನೀವಾಗೇ ನಿಲ್ಲಿಸಬೇಡಿ.

ತೂಕ ನಿಲ್ಲಲಿ ಅಂತ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಹೊಟ್ಟೆ ಅಥವಾ ತೊಡೆಯಿಂದ ತೆಗೆದು ಮುಖಕ್ಕೆ ಹಾಕಿದ ಕೊಬ್ಬು ತನ್ನ ಹಳೆಯ ಗುಣ ಬಿಡುವುದಿಲ್ಲ. ನೀವು ದಪ್ಪಗಾದರೆ ಅದೂ ಉಬ್ಬುತ್ತದೆ, ಸಣ್ಣಗಾದರೆ ಅದೂ ಕರಗುತ್ತದೆ. ವಿಜಯಪುರ ಕಡೆಯ ಒಬ್ಬ ದ್ರಾಕ್ಷಿ ಬೆಳೆಗಾರರು ನನ್ನ ಹತ್ತಿರ ಬಂದಿದ್ದರು. ತೂಕ ಇನ್ನೂ ಇಳಿಯುತ್ತಿತ್ತು, ಮನೆಯಲ್ಲಿ ಮದುವೆ ಇತ್ತು, ಬಹಳ ಒತ್ತಾಯ ಮಾಡಿದರು. ನಾನು ಒಪ್ಪಿಬಿಟ್ಟೆ. ಮೂರು ತಿಂಗಳಿಗೆ ಮುಖ ಚೆನ್ನಾಗಿತ್ತು. ಆಮೇಲೆ ಮತ್ತೆ ಏಳು ಕೆಜಿ ಇಳಿಯಿತು, ಹಾಕಿದ್ದರಲ್ಲಿ ಬಹುಪಾಲು ಹೋಯಿತು. ಅದು ನನ್ನ ತಪ್ಪು, ನಾನು ಕಾಯಿಸಬೇಕಿತ್ತು. ಅವತ್ತಿನಿಂದ ಯಾರು ಒತ್ತಾಯ ಮಾಡಿದರೂ ಆರು ತಿಂಗಳ ತೂಕದ ಲೆಕ್ಕ ನೋಡದೆ ನಾನು ತಾರೀಖು ಕೊಡುವುದಿಲ್ಲ. ಬೇರಿಯಾಟ್ರಿಕ್ ಆಪರೇಷನ್ ಆದವರು ಸಾಮಾನ್ಯವಾಗಿ 12ರಿಂದ 18 ತಿಂಗಳು ಕಾಯಬೇಕಾಗುತ್ತದೆ.

ಅತ್ತೆಯವರ ಮಾತಿಗೂ ಇಲ್ಲೇ ಉತ್ತರ ಕೊಡುತ್ತೇನೆ. ಅವರ ಕಾಳಜಿ ನಿಜವಾದದ್ದು. ಆದರೆ ತಿಂದು ತೂಕ ಏರಿಸಿದರೆ ಅದು ಎಲ್ಲಿ ಕೂರಬೇಕು ಅನ್ನುವುದು ನಮ್ಮ ಕೈಯಲ್ಲಿಲ್ಲ. ಗಲ್ಲಕ್ಕೆ ಅಂತ ತಿಂದದ್ದು ಹೊಟ್ಟೆಗೇ ಹೋಗುವುದು ಜಾಸ್ತಿ. ಜೊತೆಗೆ ಶುಗರ್ ವಾಪಸ್ ಬರುತ್ತದೆ. ಅವರಿಗೆ ಹೀಗೆ ಹೇಳಿ: ಊಟ ಜಾಸ್ತಿ ಮಾಡುವುದಿಲ್ಲ, ಆದರೆ ಊಟದಲ್ಲಿ ಕಾಳು ಜಾಸ್ತಿ ಮಾಡುತ್ತೇನೆ. ತೂಕ ಇಳಿಸುವವರು ರೊಟ್ಟಿ ಕಡಿಮೆ ಮಾಡುತ್ತಾರೆ, ಜೊತೆಗೆ ಪ್ರೋಟೀನೂ ಕಡಿಮೆಯಾಗಿಬಿಡುತ್ತದೆ. ಮಡಕಿ ಕಾಳು, ಹೆಸರು ಕಾಳು, ಮೊಸರು, ತತ್ತಿ ತಿನ್ನುವವರಾದರೆ ತತ್ತಿ, ಒಂದು ಹಿಡಿ ಶೇಂಗಾ, ಇವು ದಿನಾ ಇರಲಿ. ಪ್ರೋಟೀನ್ ಕಡಿಮೆ ಇದ್ದವರ ಗಾಯ ಬೇಗ ಮಾಯುವುದಿಲ್ಲ. ಆಪರೇಷನ್ ಮಾಡುವ ಮುಂಚೆ ನಾನು ಹಿಮೋಗ್ಲೋಬಿನ್, ಬಿ12, ಅಲ್ಬುಮಿನ್ (ರಕ್ತದಲ್ಲಿರುವ ಪ್ರೋಟೀನ್) ನೋಡಿಯೇ ನೋಡುತ್ತೇನೆ.

ಈಗ ಫಿಲ್ಲರ್. ಮುಖಕ್ಕೆ ಜಾಸ್ತಿ ಬಳಸುವುದು ಹೈಅಲುರಾನಿಕ್ ಆ್ಯಸಿಡ್ ಅನ್ನುವ ಜೆಲ್. ಜೆಲ್ ಯಾವುದು, ಜಾಗ ಯಾವುದು ಅನ್ನುವುದರ ಮೇಲೆ 6ರಿಂದ 18 ತಿಂಗಳು ಇರುತ್ತದೆ. ಇದರ ದೊಡ್ಡ ಗುಣ ಅಂದರೆ ಇಷ್ಟವಾಗದಿದ್ದರೆ, ಎಡವಟ್ಟಾದರೆ, ಹೈಅಲುರಾನಿಡೇಸ್ ಅನ್ನುವ ಇಂಜೆಕ್ಷನ್ ಕೊಟ್ಟು ಕರಗಿಸಬಹುದು. ಸ್ವಲ್ಪ ತಗ್ಗಿಗೆ ಇದು ಒಳ್ಳೆಯದು. ಆದರೆ ಒಂದು ಸಿರಿಂಜಿನಲ್ಲಿ ಇರುವುದು 1 ಎಂಎಲ್. ಒಂದು ಚಹಾ ಚಮಚದ ಐದನೇ ಒಂದು ಭಾಗ. 34 ಕೆಜಿ ಇಳಿದ ಮುಖಕ್ಕೆ ಎಷ್ಟು ಸಿರಿಂಜ್ ಬೇಕು, ನೀವೇ ಯೋಚಿಸಿ. ಅಷ್ಟು ಹಾಕಿಸಿ, ಮತ್ತೆ ಒಂದೂವರೆ ವರ್ಷಕ್ಕೆ ಅಷ್ಟೇ ಖರ್ಚು. ಇನ್ನೊಂದು, ಸಡಿಲ ಚರ್ಮವನ್ನು ಜೆಲ್ ತುಂಬಿ ಬಿಗಿ ಮಾಡಲು ಹೋದರೆ ಮುಖ ಊದಿದ ಹಾಗೆ ಕಾಣುತ್ತದೆ, ನಕ್ಕಾಗ ಗಲ್ಲ ಗಡ್ಡೆಯಂತೆ ಮೇಲೇಳುತ್ತದೆ.

ಪಾರ್ಲರ್‌ನಲ್ಲಿ ಮಾತ್ರ ಹಾಕಿಸಬೇಡಿ, ದಯವಿಟ್ಟು. ಮುಖದ ರಕ್ತನಾಳಗಳು ಕಣ್ಣಿನ ರಕ್ತನಾಳಗಳ ಜೊತೆ ಸೇರಿಕೊಂಡಿವೆ. ಜೆಲ್ ತಪ್ಪಿ ರಕ್ತನಾಳದೊಳಗೆ ಹೋದರೆ ಚರ್ಮ ಸಾಯಬಹುದು. ಅಪರೂಪಕ್ಕೆ ಕಣ್ಣೇ ಹೋಗಬಹುದು. ಒಬ್ಬ ಹುಡುಗಿ ಹೀಗೇ ಎಲ್ಲೋ ಹಾಕಿಸಿಕೊಂಡು ಎರಡು ದಿನದ ಮೇಲೆ ನನ್ನ ಹತ್ತಿರ ಬಂದಳು. ಮೂಗಿನ ಪಕ್ಕ ಚರ್ಮ ಮೊದಲು ಬಿಳಿಚಿಕೊಂಡಿತ್ತಂತೆ. ಬಂದಾಗ ಬಲೆ ಹಾಸಿದ ಹಾಗೆ ನೇರಳೆ ಬಣ್ಣ, ಮುಟ್ಟಿದರೆ ನೋವು. ಹಾಕಿದವರು ‘ಐಸ್ ಇಡು, ಹೋಗುತ್ತದೆ’ ಅಂದಿದ್ದರಂತೆ. ಕರಗಿಸುವ ಇಂಜೆಕ್ಷನ್ ಮತ್ತೆ ಮತ್ತೆ ಕೊಟ್ಟು ಬಹುಪಾಲು ಉಳಿಸಿದೆವು. ಆದರೂ ಮೂಗಿನ ಅಂಚಿಗೆ ಒಂದು ಕಲೆ ಉಳಿದುಕೊಂಡಿತು. ಅದೇ ತಾಸಿನಲ್ಲಿ ಬಂದಿದ್ದರೆ ಆ ಕಲೆಯೂ ಇರುತ್ತಿರಲಿಲ್ಲವೇನೋ. ಹಾಕುವವರ ಹತ್ತಿರ ಕರಗಿಸುವ ಔಷಧ ಫ್ರಿಜ್‌ನಲ್ಲಿ ಇದೆಯಾ ಅಂತ ಕೇಳಿ. ಇಲ್ಲ ಅಂದರೆ ಎದ್ದು ಬನ್ನಿ.

ಪಾಲಿ ಎಲ್ ಲ್ಯಾಕ್ಟಿಕ್ ಆ್ಯಸಿಡ್ ಅಂತ ಇನ್ನೊಂದಿದೆ. ಎಚ್‌ಐವಿ ಇದ್ದವರಿಗೆ ಗಲ್ಲ ಪೂರ್ತಿ ಬತ್ತಿ ಹೋಗುತ್ತಿತ್ತಲ್ಲ, ಅವರಿಗಾಗಿ ಅಮೆರಿಕದಲ್ಲಿ 2004ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ಇದು ನೇರವಾಗಿ ತುಂಬುವುದಿಲ್ಲ, ಚರ್ಮಕ್ಕೆ ಗಟ್ಟಿತನ ಕೊಡುವ ನಮ್ಮದೇ ಕಾಲಜನ್ ಬೆಳೆಸುತ್ತದೆ. ಕೆಲವು ವಾರ ಬಿಟ್ಟು ಬಿಟ್ಟು ಎರಡು ಮೂರು ಸಲ ಹಾಕಿಸಬೇಕು, ಕೆಲಸ ನಿಧಾನ. ಗಂಟಾದರೆ ಕರಗಿಸುವ ಔಷಧ ಇಲ್ಲ. ನಿಮಗೆ ಇದನ್ನು ಮೊದಲ ಆಯ್ಕೆಯಾಗಿ ನಾನು ಹೇಳುವುದಿಲ್ಲ.

ನಿಮ್ಮಂಥವರಿಗೆ ನಾನು ಹೆಚ್ಚು ನಂಬುವುದು ಸ್ವಂತ ಕೊಬ್ಬನ್ನೇ. ಇದು ಹೊಸದೇನಲ್ಲ. ಜರ್ಮನಿಯ ಗುಸ್ತಾವ್ ನಾಯ್ಬರ್ ಅನ್ನುವ ಸರ್ಜನ್ 1893ರಲ್ಲೇ ಒಬ್ಬ ರೋಗಿಯ ತೋಳಿನ ಕೊಬ್ಬು ತೆಗೆದು ಕಣ್ಣ ಕೆಳಗಿನ ಗುಳಿಗೆ ಹಾಕಿದ್ದರು. 1990ರ ದಶಕದಲ್ಲಿ ನ್ಯೂಯಾರ್ಕಿನ ಸಿಡ್ನಿ ಕೋಲ್ಮನ್ ಇದಕ್ಕೊಂದು ಶಿಸ್ತು ತಂದರು: ನಾಜೂಕಾಗಿ ತೆಗೆಯುವುದು, ಶುದ್ಧ ಮಾಡುವುದು, ಹನಿ ಹನಿಯಾಗಿ ಇಡುವುದು. ಇವತ್ತಿಗೂ ನಾವು ಹೋಗುವ ದಾರಿ ಅದೇ.

ಕೆಲಸ ನಡೆಯುವುದು ಹೀಗೆ. ತೊಡೆಗೆ ಅಥವಾ ಹೊಟ್ಟೆಗೆ ಮರಗಟ್ಟಿಸುವ ಔಷಧ ಸೇರಿಸಿದ ಸಲೈನ್ ಬಿಡುತ್ತೇವೆ. ಅದರಲ್ಲಿ ಅಡ್ರಿನಲಿನ್ ಇರುವುದರಿಂದ ರಕ್ತ ಜಾಸ್ತಿ ಬರುವುದಿಲ್ಲ. ಸಣ್ಣ ತೂತಿನಿಂದ ಮೊಂಡು ತುದಿಯ ತೆಳು ನಳಿಗೆ ಹಾಕಿ, ಸಿರಿಂಜನ್ನು ಕೈಯಲ್ಲೇ ನಿಧಾನ ಎಳೆಯುತ್ತೇವೆ. ಜೋರಾಗಿ ಎಳೆದರೆ ಜೀವಕೋಶ ಒಡೆಯುತ್ತವೆ. ಸಿರಿಂಜನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ತೆಗೆದಾಗ ಮೂರು ಪದರ ಕಾಣುತ್ತವೆ. ಮೇಲೆ ಎಣ್ಣೆ, ಅದು ಒಡೆದ ಕೋಶದ್ದು. ಕೆಳಗೆ ರಕ್ತ ಬೆರೆತ ಕೆಂಪು ನೀರು. ನಡುವೆ ಹೊಸ ಬೆಣ್ಣೆಯ ಹಾಗೆ ಹಳದಿ ಕೊಬ್ಬು. ಮೇಲಿನದು, ಕೆಳಗಿನದು ಚೆಲ್ಲಿ ನಡುವಿನದನ್ನು 1 ಎಂಎಲ್‌ನ ಸಣ್ಣ ಸಿರಿಂಜ್‌ಗಳಿಗೆ ತುಂಬಿಕೊಳ್ಳುತ್ತೇವೆ. ಆ 1 ಎಂಎಲ್ ಅನ್ನು ಒಂದೇ ಕಡೆ ಒತ್ತುವುದಿಲ್ಲ. ನಳಿಗೆ ಹಿಂದೆ ಎಳೆಯುತ್ತಾ ಇಪ್ಪತ್ತು ಮೂವತ್ತು ಸಲಕ್ಕೆ ಹಂಚಿ, ಬೇರೆ ಬೇರೆ ಆಳದಲ್ಲಿ ಇಡುತ್ತೇವೆ. ಉಳ್ಳಾಗಡ್ಡಿ ಸಸಿ ನಾಟಿ ಮಾಡುವುದನ್ನು ನೀವು ನೋಡಿದ್ದೀರಲ್ಲ. ಬಿಡಿ ಬಿಡಿಯಾಗಿ ನೆಟ್ಟರೆ ಬೇರು ಹಿಡಿಯುತ್ತದೆ. ಇಡೀ ಕಂತೆ ಒಂದೇ ಗುಣಿಗೆ ತುರುಕಿದರೆ ನಡುವಿನವು ಕೊಳೆಯುತ್ತವೆ. ಕೊಬ್ಬೂ ಹಾಗೆ, ಸುತ್ತಲಿನ ರಕ್ತ ಮುಟ್ಟಿದ್ದು ಬದುಕುತ್ತದೆ. ಮುಟ್ಟದ್ದು ಸತ್ತು ಎಣ್ಣೆಯ ಗಂಟಾಗಬಹುದು.

ಚೆನ್ನಾಗಿ ಮಾಡಿದರೂ ಹಾಕಿದ್ದೆಲ್ಲ ಉಳಿಯುವುದಿಲ್ಲ. ಕೆಲವರಿಗೆ ಮೂರನೇ ಒಂದು ಭಾಗ, ಕೆಲವರಿಗೆ ಮೂರನೇ ಎರಡು ಭಾಗ. ಯಾರಿಗೆ ಎಷ್ಟು ಅಂತ ಮೊದಲೇ ಹೇಳುವ ದಾರಿ ಇಲ್ಲ. ‘ನೂರಕ್ಕೆ ನೂರು ನಿಲ್ಲುತ್ತದೆ’ ಅಂದವರನ್ನು ನಂಬಬೇಡಿ. ಮೊದಲ ವಾರ ಮುಖ ಬಾವು ಬಂದು ದೊಡ್ಡದಾಗಿ ಕಾಣುತ್ತದೆ, ಅಲ್ಲಲ್ಲಿ ರಕ್ತ ಹೆಪ್ಪುಗಟ್ಟಿ ನೀಲಿಯಾಗುತ್ತದೆ. ಎರಡು ಮೂರು ವಾರಕ್ಕೆ ಇಳಿಯುತ್ತದೆ. ಆಮೇಲೆ ‘ಅಯ್ಯೋ, ಎಲ್ಲ ಕರಗಿತು’ ಅಂತ ಫೋನ್ ಬರುತ್ತದೆ, ಅದೂ ನನಗೆ ರೂಢಿ. ಮೂರರಿಂದ ಆರು ತಿಂಗಳಿಗೆ ಉಳಿದದ್ದು ನಿಮ್ಮದು. ಬೇಕಾದರೆ ಆಮೇಲೆ ಎರಡನೇ ಸಲ ಸ್ವಲ್ಪ ಹಾಕಬಹುದು. ಕರಗುತ್ತದೆ ಅಂತ ಮೊದಲೇ ಬಹಳ ತುಂಬಿಬಿಡುವುದು ನನಗೆ ಸರಿ ಕಾಣುವುದಿಲ್ಲ. ಕಡಿಮೆಯಾದರೆ ಇನ್ನಷ್ಟು ಹಾಕಬಹುದು, ಜಾಸ್ತಿಯಾದ ಕೊಬ್ಬು ತೆಗೆಯುವುದು ಕಷ್ಟ. ಅದಕ್ಕೆ ಫಿಲ್ಲರ್‌ನ ಹಾಗೆ ಕರಗಿಸುವ ಸುಲಭದ ಔಷಧ ಇಲ್ಲ. ಕಣ್ಣ ಕೆಳಗೆ ಚರ್ಮ ಕಾಗದದಷ್ಟು ತೆಳುವು, ಅಲ್ಲಿ ಒಂದು ಹನಿ ಹೆಚ್ಚಾದರೂ ಗಂಟು ಕಾಣುತ್ತದೆ. ರಕ್ತನಾಳಕ್ಕೆ ಹೋಗುವ ಅಪಾಯ ಇಲ್ಲೂ ಇದೆ. ಅಪರೂಪ, ಆದರೆ ಆಯಿತು ಅಂದರೆ ಭಾರಿ. ಅದಕ್ಕೇ ಚೂಪು ಸೂಜಿ ಬಿಟ್ಟು ಮೊಂಡು ನಳಿಗೆ ಬಳಸುವುದು.

ಬಹಳ ಜನ ‘ಹೇಗೂ ತೆಗೆಯುತ್ತೀರಿ, ಹೊಟ್ಟೆಯದು ಪೂರ್ತಿ ತೆಗೆದುಬಿಡಿ’ ಅನ್ನುತ್ತಾರೆ. ಮುಖಕ್ಕೆ ಬೇಕಾಗುವುದು ಅರ್ಧ ಕಪ್ ಚಹಾದಷ್ಟು ಕೂಡ ಅಲ್ಲ. ಹೊಟ್ಟೆ ಕರಗುವುದಿಲ್ಲ. ನಿಮಗೆ ಹೊಟ್ಟೆಯ ಚರ್ಮವೂ ಸಡಿಲವಾಗಿರುತ್ತದೆ, ಅಲ್ಲಿ ತೆಗೆದರೆ ತಗ್ಗು ಬೀಳಬಹುದು. ತೊಡೆಯ ಒಳಭಾಗ ಒಳ್ಳೆಯದು.

ಬಾಯಿ ಪಕ್ಕದ ಜೋತು, ಕುತ್ತಿಗೆಯ ಹಗ್ಗದಂಥ ಗೆರೆ, ಇವು ಕೊಬ್ಬಿನಿಂದ ಹೋಗುವುದಿಲ್ಲ. ಅಲ್ಲಿ ಫೇಸ್‌ಲಿಫ್ಟ್. ಹಿಂದೆ ಚರ್ಮ ಮಾತ್ರ ಎಳೆದು ಹೊಲಿಯುತ್ತಿದ್ದರು, ಮುಖ ಗಾಳಿಗೆ ಸಿಕ್ಕವರ ಹಾಗೆ ಕಾಣುತ್ತಿತ್ತು. 1976ರಲ್ಲಿ ಫ್ರಾನ್ಸಿನ ಮಿಟ್ಜ್ ಮತ್ತು ಪೆಯ್ರೋನಿ ಚರ್ಮದ ಕೆಳಗಿನ ಒಂದು ಗಟ್ಟಿ ಪದರವನ್ನು ಬಿಡಿಸಿ ತೋರಿಸಿದರು. ಅದಕ್ಕೆ ಸ್ಮಾಸ್ ಅನ್ನುತ್ತೇವೆ. ಈಗ ಎತ್ತುವುದು ಆ ಪದರವನ್ನು, ಚರ್ಮ ಅದರ ಮೇಲೆ ಸುಮ್ನೆ ಕೂರಬೇಕು, ಬಿಗಿಯಬಾರದು. ಕೊಯ್ದ ಗೀಟು ಕಿವಿಯ ಮುಂದಿನ ಮಡಿಕೆಯಲ್ಲಿ ಇಳಿದು, ಕಿವಿಯ ಕೆಳಗೆ ತಿರುಗಿ, ಹಿಂದೆ ಕೂದಲಲ್ಲಿ ಹೋಗುತ್ತದೆ. ಕುತ್ತಿಗೆಯ ಗೆರೆಗೆ ಗದ್ದದ ಕೆಳಗೆ ಇನ್ನೊಂದು ಸಣ್ಣ ಗೀಟು ಬೇಕಾಗಬಹುದು. ಖಾಲಿ ಮುಖವನ್ನು ಬರೀ ಎತ್ತಿದರೆ ಮೂಳೆಗೆ ಚರ್ಮ ಹೊದಿಸಿದ ಹಾಗಾಗುತ್ತದೆ. ಅದಕ್ಕೇ ತೂಕ ಇಳಿದವರಲ್ಲಿ ಎತ್ತುವುದು, ತುಂಬುವುದು ಜೊತೆಯಲ್ಲೇ ಮಾಡುವುದು ಹೆಚ್ಚು.

ಅಪಾಯ ಮುಚ್ಚಿಡುವುದಿಲ್ಲ. ಎಲ್ಲಕ್ಕಿಂತ ಸಾಮಾನ್ಯ ತೊಂದರೆ ಚರ್ಮದ ಕೆಳಗೆ ರಕ್ತ ತುಂಬುವುದು, ಅದೂ ಮೊದಲ 24 ತಾಸಿನಲ್ಲಿ. ಬಿಪಿ ಏರಿದರೆ ಇದು ಜಾಸ್ತಿ. ಅದಕ್ಕೇ ಅವತ್ತು ರಾತ್ರಿ ಆಸ್ಪತ್ರೆಯಲ್ಲೇ ಇರಿಸಿಕೊಳ್ಳುತ್ತೇನೆ. ಮುಖದ ನರಕ್ಕೆ ಪೆಟ್ಟಾಗಿ ಬಾಯಿ ಸೊಟ್ಟಗಾಗುವುದು ಕಡಿಮೆ, ಆದರೂ ಬಹುಪಾಲು ಅದು ವಾಪಸ್ ಸರಿಹೋಗುತ್ತದೆ. ಕಿವಿ ಸುತ್ತ ಕೆಲವು ತಿಂಗಳು ಮರಗಟ್ಟಿದ ಹಾಗಿರುತ್ತದೆ. ಅಲ್ಲಿಯವರೆಗೆ ಭಾರದ ಝುಮಕಿ ಹಾಕಬೇಡಿ, ಎಳೆದದ್ದು ಗೊತ್ತಾಗುವುದಿಲ್ಲ. ಕಿವಿ ಮುಂದಿನ ಹೊಲಿಗೆ 5ರಿಂದ 7 ದಿನಕ್ಕೆ ತೆಗೆಯುತ್ತೇವೆ, ನಾಲ್ಕು ಜನರ ಮುಂದೆ ಹೋಗಲು ಎರಡು ಮೂರು ವಾರ ಬೇಕು. ಇನ್ನೊಂದು ಸತ್ಯ: ಬಹಳ ತೂಕ ಇಳಿದವರ ಚರ್ಮ ಸೋತಿರುತ್ತದೆ. ಒಂದು ವರ್ಷದೊಳಗೆ ಸ್ವಲ್ಪ ಮತ್ತೆ ಸಡಿಲಾಗಬಹುದು. ಇದನ್ನು ಮೊದಲೇ ತಿಳಿದುಕೊಂಡು ಬರುವವರಿಗೆ ಆಮೇಲೆ ಬೇಜಾರಾಗುವುದಿಲ್ಲ.

ತಂಬಾಕು ಬಗ್ಗೆ ನಾನು ಬಹಳ ಕಟ್ಟುನಿಟ್ಟು. ಬೀಡಿ, ಸಿಗರೇಟು, ಗುಟ್ಕಾ, ಹಲ್ಲಿಗೆ ಹಚ್ಚುವ ಮಶೇರಿ, ಎಲ್ಲವೂ ಒಂದೇ. ನಿಕೋಟಿನ್ ಚರ್ಮದ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಎತ್ತಿದ ಚರ್ಮ ಕಿವಿಯ ಹಿಂದೆ ಕಪ್ಪಾಗಿ ಸಾಯಬಹುದು. ಹಾಕಿದ ಕೊಬ್ಬಿಗೂ ಅದು ಒಳ್ಳೆಯದಲ್ಲ. ಕನಿಷ್ಠ ನಾಲ್ಕು ವಾರ ಮುಂಚೆ, ನಾಲ್ಕು ವಾರ ಆಮೇಲೆ ಬಿಡಬೇಕು. ಮಶೇರಿ ಹಚ್ಚುವ ಹೆಂಗಸರು ಅದನ್ನು ತಂಬಾಕು ಅಂದುಕೊಳ್ಳುವುದೇ ಇಲ್ಲ, ಕೇಳಿದರೆ ‘ಚಟ ಏನೂ ಇಲ್ರೀ’ ಅನ್ನುತ್ತಾರೆ. ಅದಕ್ಕೇ ಹೆಸರು ಹಿಡಿದು ಕೇಳುತ್ತೇನೆ. ಗುಟ್ಕಾ ತಿಂದವರಲ್ಲಿ ಕೆಲವರಿಗೆ ಬಾಯಿ ಪೂರ್ತಿ ತೆರೆಯುವುದಿಲ್ಲ. ಮೂರು ಬೆರಳು ನೇರವಾಗಿ ಬಾಯೊಳಗೆ ಹೋಗದಿದ್ದರೆ ಅರಿವಳಿಕೆ ಡಾಕ್ಟರ್‌ಗೆ ಮೊದಲೇ ಹೇಳಬೇಕು.

ನಿಮ್ಮ ವಿಷಯದಲ್ಲಿ ಅರಿವಳಿಕೆ ಡಾಕ್ಟರ್‌ಗೆ ಹೇಳಲೇಬೇಕಾದ ಇನ್ನೊಂದು ಮಾತಿದೆ, ಅದು ವಾರದ ಇಂಜೆಕ್ಷನ್. ಅದು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ. ರಾತ್ರಿಯಿಂದ ಉಪವಾಸ ಇದ್ದರೂ ಹೊಟ್ಟೆಯಲ್ಲಿ ಊಟ ಇರಬಹುದು. ಅರಿವಳಿಕೆಯ ಮಂಪರಿನಲ್ಲಿ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ನಿಲ್ಲಿಸಬೇಕಾ, ಒಂದು ದಿನ ಬರೀ ನೀರಿನಂಥ ಆಹಾರ ಸಾಕಾ, ಅವರು ಹೇಳುತ್ತಾರೆ. ರಕ್ತ ತೆಳು ಮಾಡುವ ಆಸ್ಪಿರಿನ್ ತಿನ್ನುತ್ತಿದ್ದರೆ ಅದನ್ನೂ ಹೇಳಿ. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 7ರ ಆಸುಪಾಸು ಇರಲಿ.

ಖರ್ಚು. ಸೌಂದರ್ಯಕ್ಕೆ ಮಾಡಿಸುವ ಆಪರೇಷನ್‌ಗೆ ಆರೋಗ್ಯ ವಿಮೆ ಕೊಡುವುದಿಲ್ಲ, ಮೇಲೆ ಶೇ. 18 ಜಿಎಸ್‌ಟಿ ಬೀಳುತ್ತದೆ. ಬಿಲ್ ಎಷ್ಟಾಗುತ್ತದೆ ಅಂತ ಕೇಳುವಾಗ ಅದು ಸೇರಿದೆಯಾ ಅಂತ ಕೇಳಿ. ಎರಡನೇ ಸಲದ ಖರ್ಚೂ ಕೇಳಿಟ್ಟುಕೊಳ್ಳಿ. ಡಾಕ್ಟರ್ ಆರಿಸುವಾಗ ಬೋರ್ಡ್ ಮೇಲೆ ‘ಕಾಸ್ಮೆಟಿಕ್’ ಅನ್ನುವುದನ್ನಲ್ಲ, ಎಂಸಿಎಚ್ ಅಥವಾ ಡಿಆರ್‌ಎನ್‌ಬಿ ಪ್ಲಾಸ್ಟಿಕ್ ಸರ್ಜರಿ ಅನ್ನುವ ಪದವಿ ನೋಡಿ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಊರಲ್ಲಿ ಮೆಡಿಕಲ್ ಕಾಲೇಜುಗಳಿವೆ. ಅಲ್ಲಿಯ ದೊಡ್ಡ ಆಸ್ಪತ್ರೆಗಳಲ್ಲಿ ಪ್ಲಾಸ್ಟಿಕ್ ಸರ್ಜನ್ ಇದ್ದಾರಾ ಅಂತ ವಿಚಾರಿಸಿ. ಇದಕ್ಕಾಗಿ ಬೆಂಗಳೂರಿಗೇ ಹೋಗಬೇಕು ಅಂತೇನಿಲ್ಲ. ಅವರು ಮಾಡಿದ, ನಿಮ್ಮ ವಯಸ್ಸಿನವರ, ಒಂದು ವರ್ಷ ಆದ ಮೇಲಿನ ಫೋಟೋ ತೋರಿಸಿ ಅಂತ ಕೇಳಿ. ಒಂದು ತಿಂಗಳಿನ ಫೋಟೋದಲ್ಲಿ ಬಾವು ಇರುತ್ತದೆ, ಎಲ್ಲರೂ ಚೆನ್ನಾಗೇ ಕಾಣುತ್ತಾರೆ.

ಇನ್ನು ಶ್ರಾವಣದ ನಿಶ್ಚಯ. ಅಲ್ಲಿಯವರೆಗೆ ಕಾಳು ತಿನ್ನಿ, ನಿದ್ದೆ ಮಾಡಿ, ಶಾಲೆಗೆ ಹೋಗುವಾಗ ಸನ್‌ಸ್ಕ್ರೀನ್ ಹಚ್ಚಿ. 96 ಕೆಜಿಯ ಅಳತೆಯ ಜಂಪರ್ (ಬ್ಲೌಸ್) ಇನ್ನೂ ತೊಡುತ್ತಿದ್ದರೆ ಹೊಸದು ಹೊಲಿಸಿ. ಹೆಗಲಿಂದ ಜಾರುವ ಬಟ್ಟೆಯಲ್ಲಿ ಯಾರೇ ಆದರೂ ಸೊರಗಿದ ಹಾಗೆ ಕಾಣುತ್ತಾರೆ. ಕನ್ನಡಕ ಸಡಿಲಾಗಿ ಮೂಗಿನ ಮೇಲೆ ಇಳಿಯುತ್ತಿದ್ದರೆ ಫ್ರೇಮ್ ಬದಲಿಸಿ, ಕಣ್ಣ ಕೆಳಗಿನ ನೆರಳು ಅರ್ಧ ಮರೆಯಾಗುತ್ತದೆ. ಏನಾದರೂ ಮಾಡಿಸಲೇಬೇಕು ಅನ್ನಿಸಿದರೆ, ಅರ್ಹ ಡಾಕ್ಟರ್ ಹತ್ತಿರ ಗಲ್ಲದ ಆಳಕ್ಕೆ ಕರಗುವ ಫಿಲ್ಲರ್ ಒಂದೆರಡು ಸಿರಿಂಜ್, ಸಮಾರಂಭಕ್ಕೆ ಕನಿಷ್ಠ ನಾಲ್ಕು ವಾರ ಮುಂಚೆ. ನನ್ನನ್ನು ಕೇಳಿದರೆ ಅದೂ ಬೇಡ.

ಆರು ತಿಂಗಳ ಲೆಕ್ಕ ದಸರಾ ಹೊತ್ತಿಗೆ ಮುಗಿಯುತ್ತದೆ. ಟೀಚರಿಗೆ ಅದು ಅನುಕೂಲದ ಕಾಲ, ರಜೆ ಇರುತ್ತದೆ. ಬೇಸಿಗೆ ರಜೆಗಿಂತ ಒಳ್ಳೆಯದು. ನಿಮ್ಮ ಕಡೆ ಏಪ್ರಿಲ್ ಮೇ ಬಿಸಿಲು ಗೊತ್ತಲ್ಲ, ನಮ್ಮ ಬಣ್ಣದ ಚರ್ಮಕ್ಕೆ ಹೊಸ ಗಾಯದ ಮೇಲೆ ಬಿಸಿಲು ಬಿದ್ದರೆ ಕಪ್ಪು ಕಲೆ ಉಳಿದುಬಿಡುತ್ತದೆ. ಆಪರೇಷನ್ ಆದ ಮೇಲೆ ಎರಡು ವಾರ ಖಡಕ್ ರೊಟ್ಟಿ ಬಂದ್. ದವಡೆ ಜಗಿದಷ್ಟೂ ಬಾವು ಜಾಸ್ತಿ. ಜೋಳದ ನುಚ್ಚು ಮಜ್ಜಿಗೆ, ಹೆಸರು ಬೇಳೆ, ಮೆತ್ತಗಿನ ಅನ್ನ ಸಾಕು. ತಲೆ ಎತ್ತರಕ್ಕೆ ಇಟ್ಟು ಅಂಗಾತ ಮಲಗಬೇಕು, ಗಲ್ಲದ ಮೇಲೆ ಒರಗಬಾರದು. ಮನೆಯಲ್ಲಿ ಒಬ್ಬರು ಜೊತೆಗಿರಲಿ.

ಇವತ್ತಿನಿಂದ ತಿಂಗಳಿಗೊಮ್ಮೆ, ಒಂದೇ ತಕ್ಕಡಿಯಲ್ಲಿ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ತೂಕ ನೋಡಿ ಬರೆದಿಡಿ. ಎರಡು ಕೆಜಿ ಆಚೀಚೆ ಆದರೆ ಚಿಂತೆ ಇಲ್ಲ. ದಸರಾ ಹೊತ್ತಿಗೆ ಬರುವಾಗ ಆ ಚೀಟಿ, ಈಗ ತಿನ್ನುವ ಎಲ್ಲ ಗುಳಿಗೆ, ಇಂಜೆಕ್ಷನ್ ಚೀಟಿ ತನ್ನಿ. ಮೂವತ್ತೈದರ ಸುಮಾರಿಗೆ, ದಪ್ಪಗಾಗುವ ಮುಂಚೆ ತೆಗೆಸಿದ ಫೋಟೋ ಇದ್ದರೆ ಎರಡು ತನ್ನಿ, ಒಂದು ಎದುರಿನಿಂದ, ಒಂದು ಪಕ್ಕದಿಂದ. ಬಂಧುಗಳ ಮದುವೆ ಆಲ್ಬಮ್ಮಿನಲ್ಲಿ ಹುಡುಕಿದರೆ ಸಿಗುತ್ತದೆ. 96 ಕೆಜಿ ಇದ್ದಾಗಿನ ಮುಖ ನಮಗೆ ಬೇಡ, ಅದಕ್ಕಿಂತ ಹಿಂದಿನ ಮುಖ ಎಲ್ಲಿ ತುಂಬಿತ್ತು ಅಂತ ನೋಡಬೇಕು. ಆ ದಿನ ಪೌಡರ್ ಹಚ್ಚದೆ ಬನ್ನಿ, ಮಗಳನ್ನೂ ಕರೆದುಕೊಂಡು ಬನ್ನಿ.